ಕಾಪಿರೈಟ್ ಕಾನೂನು ಬದಲಾಗುತ್ತದೆ ಅಂದಾಗ ಕಲಾವಿದರು ಅಭಿಪ್ರಾಯ ಬರೆಯುವುದು ಹೇಗೆ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಎಐ ಯಂತ್ರಗಳಿಗೆ ಕಲಿಸಲು ನಮ್ಮ ಕೃತಿಗಳನ್ನು ಬಳಸುವ ವಿಷಯದಲ್ಲಿ ಕಾಪಿರೈಟ್ ಕಾನೂನಿನ ಬದಲಾವಣೆಗಳ ಬಗ್ಗೆ ಸರ್ಕಾರಕ್ಕೆ ಇಲ್ಲಿಯವರೆಗೆ ಮೂರು ಸಲ ಅಭಿಪ್ರಾಯ ಬರೆದು ಕಳಿಸಿದ್ದೇನೆ. ಮೊದಲ ಸಲ ಬರೆದದ್ದು ನಾಲ್ಕೇ ಸಾಲು. ನಮ್ಮ ಕೆಲಸ ಕದಿಯಬೇಡಿ, ನಮ್ಮ ಹೊಟ್ಟೆ ಮೇಲೆ ಹೊಡೆಯಬೇಡಿ ಅಂತ. ಆ ಸಿಟ್ಟು ನಿಜವಾದದ್ದೇ. ಆದರೆ ಅವರು ಕೇಳಿದ್ದು ಇಪ್ಪತ್ತು ಚಿಲ್ಲರೆ ಪ್ರಶ್ನೆ. ನಾನು ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ. ಅದನ್ನು ಓದಿದ ಅಧಿಕಾರಿ ಯಾವ ಪ್ರಶ್ನೆಯ ಕೆಳಗೆ ಸೇರಿಸಬೇಕಿತ್ತು?

ಮೂರನೇ ಸಲದ ಹೊತ್ತಿಗೆ ಒಂದು ದಾರಿ ಗೊತ್ತಾಯಿತು. ನಿಮ್ಮ ಒಂದೇ ಒಂದು ಕೃತಿಯನ್ನು ಆರಿಸಿಕೊಳ್ಳಿ. ಹೊಸ ನಿಯಮ ಬಂದರೆ ಅದಕ್ಕೆ ಏನಾಗುತ್ತದೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿ. ಕಾನೂನು ಬರೆಯುವವರಿಗೆ ಕಲಾವಿದರ ಬದುಕು ಗೊತ್ತಿರುವುದಿಲ್ಲ. ನಮಗೆ ಕಾನೂನಿನ ಭಾಷೆ ಗೊತ್ತಿರುವುದಿಲ್ಲ. ಈ ಎರಡರ ನಡುವೆ ಒಂದು ಚಿತ್ರವನ್ನು ಇಟ್ಟರೆ ಮಾತು ಶುರುವಾಗುತ್ತದೆ.

ಮೂಲ ಕಾಗದವನ್ನೇ ಓದಿ

ಪತ್ರಿಕೆಯ ತಲೆಬರಹ ನೋಡಿ ಬರೆಯಲು ಕೂರಬೇಡಿ. ಪ್ರಸ್ತಾಪ ಹೊರಡಿಸಿದ ಇಲಾಖೆಯ ಜಾಲತಾಣದಿಂದ ಮೂಲ ಪಿಡಿಎಫ್ ಇಳಿಸಿಕೊಳ್ಳಿ. ಅದು ಚರ್ಚೆಗೆ ಬಿಟ್ಟ ಪತ್ರವೋ, ಮಸೂದೆಯ ಕರಡೋ, ಸದನದ ಮುಂದೆ ಬಂದ ಮಸೂದೆಯೋ ಅನ್ನುವುದನ್ನು ಮೊದಲು ನೋಡಿ. ಚರ್ಚಾ ಪತ್ರವಾದರೆ "ಈ ದಾರಿಯೇ ಬೇಡ, ಬೇರೆ ದಾರಿ ಹಿಡಿಯಿರಿ" ಎನ್ನಬಹುದು. ಮಸೂದೆಯಾದರೆ ಆ ಮಾತಿಗೆ ಹೊತ್ತು ಮೀರಿರುತ್ತದೆ. ಆಗ ಇಂಥ ಕಲಮಿನ ಇಂಥ ಪದ ತೆಗೆಯಿರಿ, ಈ ಮಾತು ಸೇರಿಸಿ ಎಂದೇ ಕೇಳಬೇಕು.

ಕೊನೆಯ ದಿನಾಂಕದ ಜೊತೆ ಗಂಟೆಯನ್ನೂ ಗುರುತು ಹಾಕಿಕೊಳ್ಳಿ. ಬ್ರಿಟನ್ ಸರ್ಕಾರ ಎಐ ಮತ್ತು ಕಾಪಿರೈಟ್ ಬಗ್ಗೆ ಅಭಿಪ್ರಾಯ ಕೇಳಿದ್ದು 2024ರ ಡಿಸೆಂಬರ್ 17ರಂದು, ಮುಗಿಸಿದ್ದು 2025ರ ಫೆಬ್ರವರಿ 25ಕ್ಕೆ. ಹತ್ತು ವಾರ. ಅಷ್ಟರಲ್ಲಿ 11 ಸಾವಿರಕ್ಕೂ ಜಾಸ್ತಿ ಉತ್ತರ ಬಂದವು. ಹತ್ತು ವಾರ ಅಂದರೆ ಬೇಕಾದಷ್ಟು ಟೈಮ್ ಇದೆ ಅನ್ನಿಸುತ್ತದೆ. ಕೈಯಲ್ಲಿ ಕೆಲಸ ಇದ್ದಾಗ ಅದು ಹೇಗೆ ಕಳೆದುಹೋಗುತ್ತದೋ ಗೊತ್ತೇ ಆಗುವುದಿಲ್ಲ. ಪ್ರಶ್ನೆಗಳನ್ನೆಲ್ಲ ಮೊದಲ ದಿನವೇ ಒಂದು ಫೈಲಿಗೆ ನಕಲು ಮಾಡಿಟ್ಟುಕೊಳ್ಳಿ. ಉತ್ತರವನ್ನು ಅಲ್ಲೇ ಬರೆಯಿರಿ, ನೇರವಾಗಿ ವೆಬ್ ಫಾರಂನಲ್ಲಿ ಬರೆಯಬೇಡಿ. ಅರ್ಧ ದಾರಿಯಲ್ಲಿ ಪುಟ ಮುಚ್ಚಿಹೋದರೆ ಬರೆದದ್ದೆಲ್ಲ ಹೋಯಿತು.

ಓದುವಾಗ ಮುನ್ನುಡಿಯಿಂದ ಶುರು ಮಾಡಬೇಡಿ. ಕಲೆ ದೊಡ್ಡದು, ಕಲಾವಿದರು ನಮ್ಮ ಹೆಮ್ಮೆ ಅನ್ನುವ ಮಾತೆಲ್ಲ ಅಲ್ಲಿರುತ್ತದೆ. ವ್ಯಾಖ್ಯೆಗಳ ಭಾಗಕ್ಕೆ ಹೋಗಿ. "ಕಾನೂನುಬದ್ಧವಾಗಿ ದೊರೆತ ಕೃತಿ" ಅಂದರೆ ಏನು? ದುಡ್ಡು ಕೊಟ್ಟು ಕೊಂಡ ಪುಸ್ತಕ ಮಾತ್ರವೋ, ಇಂಟರ್ನೆಟ್‌ನಲ್ಲಿ ಬೀಗವಿಲ್ಲದೆ ಕಾಣುವ ಎಲ್ಲವೂ ಸೇರುತ್ತದೋ? ನನ್ನ ಮಟ್ಟಿಗೆ ಇಡೀ ಪ್ರಸ್ತಾಪ ಆ ಒಂದು ವ್ಯಾಖ್ಯೆಯ ಮೇಲೆ ನಿಂತಿರುತ್ತದೆ. ಆಮೇಲೆ ಕ್ರಿಯಾಪದ ನೋಡಿ. "ಕಂಪನಿಗಳು ಮಾಹಿತಿ ಪ್ರಕಟಿಸಬಹುದು" ಎಂದಿದ್ದರೆ ಯಾರೂ ಪ್ರಕಟಿಸುವುದಿಲ್ಲ. "ಪ್ರಕಟಿಸತಕ್ಕದ್ದು" ಎಂದಿದ್ದರೆ ಅದು ಬಾಧ್ಯತೆ. ಕೆಂಪು ಪೆನ್ಸಿಲ್ ಹಿಡಿದು "ಬಹುದು", "ತಕ್ಕದ್ದು" ಎರಡನ್ನೂ ಗುರುತು ಮಾಡುತ್ತಾ ಹೋಗಿ. ಯಾರಿಗೆ ಕೆಲಸ ಹೊರಿಸಿದ್ದಾರೆ, ಯಾರನ್ನು ಹಗುರ ಮಾಡಿದ್ದಾರೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಯಾವ ಜಾತಿಯ ಬದಲಾವಣೆ ಇದು?

ಈಗ ಓಡಾಡುತ್ತಿರುವ ಪ್ರಸ್ತಾಪಗಳನ್ನು ಒಟ್ಟಾರೆ ನಾಲ್ಕು ಗುಂಪು ಮಾಡಬಹುದು. ನಿಮ್ಮದು ಯಾವುದು ಅಂತ ಗೊತ್ತಾಗದೆ ಉತ್ತರ ಬರೆಯಲು ಬರುವುದಿಲ್ಲ.

ಕೆಲವು ಕಡೆ ಕೃತಿಗಳನ್ನು ಬಳಸಿ ಎಐ ಯಂತ್ರಕ್ಕೆ ಕಲಿಸಲು ಅನುಮತಿಯೇ ಬೇಡ ಎನ್ನುವ ವಿನಾಯಿತಿ ಇದೆ. ಜಪಾನ್ 2018ರ ತಿದ್ದುಪಡಿಯಲ್ಲಿ, ಕೃತಿಯನ್ನು ಸವಿಯುವ ಉದ್ದೇಶ ಇಲ್ಲದ ಬಳಕೆಗೆ ಒಪ್ಪಿಗೆ ಬೇಕಿಲ್ಲ ಎಂದಿತು. ಹಕ್ಕುದಾರರಿಗೆ ಅನ್ಯಾಯವಾಗಿ ಪೆಟ್ಟು ಬೀಳುವಂತಿದ್ದರೆ ಮಾತ್ರ ಅದು ಅನ್ವಯಿಸದು. ಸಿಂಗಾಪುರ 2021ರ ಕಾನೂನಿನಲ್ಲಿ ಇನ್ನೂ ಮುಂದೆ ಹೋಯಿತು. ವ್ಯಾಪಾರಕ್ಕಾಗಿ ಮಾಡುವ ಡೇಟಾ ವಿಶ್ಲೇಷಣೆಗೂ ಅಲ್ಲಿ ವಿನಾಯಿತಿ ಇದೆ. ಕರಾರಿನಲ್ಲಿ "ಬೇಡ" ಎಂದು ಬರೆದರೂ ಆ ಮಾತು ನಿಲ್ಲುವುದಿಲ್ಲ. ಇಂಥ ಪ್ರಸ್ತಾಪ ನಿಮ್ಮ ಮುಂದಿದ್ದರೆ ಕರಾರಿನ ವಿಷಯವನ್ನು ತಪ್ಪದೆ ಎತ್ತಿ. ಎಷ್ಟೋ ಕಲಾವಿದರು ಅದನ್ನು ಗಮನಿಸುವುದೇ ಇಲ್ಲ.

ಇನ್ನೊಂದು, "ಬೇಡ ಅಂತ ಹೇಳಿದರೆ ಬಿಡುತ್ತೇವೆ" ಎನ್ನುವ ಪದ್ಧತಿ. ಯುರೋಪಿಯನ್ ಯೂನಿಯನ್ನಿನ 2019ರ ನಿರ್ದೇಶನದ 4ನೇ ವಿಧಿ ಇದು. ಹಕ್ಕುದಾರರು ಸರಿಯಾದ ರೀತಿಯಲ್ಲಿ, ಆನ್‌ಲೈನ್ ಕೃತಿಯಾದರೆ ಯಂತ್ರ ಓದಬಲ್ಲ ರೀತಿಯಲ್ಲಿ, ತಮ್ಮ ಹಕ್ಕನ್ನು ಕಾಯ್ದಿರಿಸಿಕೊಂಡರೆ ಮಾತ್ರ ವಿನಾಯಿತಿ ತಪ್ಪುತ್ತದೆ. ಬ್ರಿಟನ್ ಸರ್ಕಾರ 2024ರಲ್ಲಿ ಇಷ್ಟಪಟ್ಟು ಮುಂದಿಟ್ಟದ್ದೂ ಇದನ್ನೇ. ಅದನ್ನು ವಿರೋಧಿಸಿ ಸಾವಿರಕ್ಕೂ ಹೆಚ್ಚು ಸಂಗೀತಗಾರರು ಸೇರಿ ಖಾಲಿ ಸ್ಟುಡಿಯೋಗಳ ಮೌನವನ್ನಷ್ಟೇ ತುಂಬಿದ ಒಂದು ಆಲ್ಬಂ ಹೊರತಂದರು.

ಮತ್ತೊಂದು ಕಡ್ಡಾಯ ಲೈಸೆನ್ಸ್. ಭಾರತದಲ್ಲಿ ಕೈಗಾರಿಕೆ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರಿನಲ್ಲಿ ಹೊರತಂದ ಪತ್ರ ಈ ಜಾತಿಯದು. ಕೃತಿ ಕೊಡುವುದಿಲ್ಲ ಎನ್ನುವ ಹಕ್ಕು ಇಲ್ಲ, ರಾಯಲ್ಟಿ ಪಡೆಯುವ ಹಕ್ಕು ಇದೆ. ಇಲ್ಲಿ ಕೇಳಬೇಕಾದ್ದು ಹಣದ ದಾರಿ. ಯಾರು ವಸೂಲಿ ಮಾಡುತ್ತಾರೆ, ಯಾವ ಲೆಕ್ಕದಲ್ಲಿ ಹಂಚುತ್ತಾರೆ, ಯಾವ ಸಂಘಕ್ಕೂ ಸೇರದ ಒಂಟಿ ಚಿತ್ರಗಾರ್ತಿಗೆ ಅದು ಹೇಗೆ ತಲುಪುತ್ತದೆ? ಹಾಡಿಗೆ ಎಷ್ಟು ಸಲ ಪ್ರಸಾರವಾಯಿತು ಅನ್ನುವ ಲೆಕ್ಕ ಸಿಗುತ್ತದೆ. ಕೋಟಿಗಟ್ಟಲೆ ಚಿತ್ರಗಳ ನಡುವೆ ನನ್ನ ಚಿತ್ರದ ಪಾಲು ಎಷ್ಟು ಅಂತ ಯಾರು ಅಳೆಯುತ್ತಾರೆ?

ಕೊನೆಯದು, ವಿನಾಯಿತಿ ಇಲ್ಲ, ಲೈಸೆನ್ಸ್ ಪಡೆದೇ ಬಳಸಿ ಎನ್ನುವುದು. ಆಸ್ಟ್ರೇಲಿಯಾ ಸರ್ಕಾರ 2025ರ ಅಕ್ಟೋಬರಿನಲ್ಲಿ ಎಐ ಕಂಪನಿಗಳಿಗಾಗಿ ಅಂಥ ವಿನಾಯಿತಿ ತರುವುದಿಲ್ಲ ಎಂದು ಹೇಳಿತು. ಬೇರೆ ದೇಶದ ಇಂಥ ಉದಾಹರಣೆ ನಿಮ್ಮ ಉತ್ತರದಲ್ಲಿ ಒಂದು ಸಾಲು ಇರಲಿ. "ವಿನಾಯಿತಿ ಕೊಡದಿದ್ದರೆ ಹಿಂದೆ ಬೀಳುತ್ತೇವೆ" ಅನ್ನುವ ವಾದಕ್ಕೆ ಅದು ನೇರ ಉತ್ತರ.

ಒಂದು ಆಮೆಯ ಚಿತ್ರ

ಈ ನಾಲ್ಕರಲ್ಲಿ ನನಗೆ ಜಾಸ್ತಿ ಹೆದರಿಕೆ ಎರಡನೆಯದರದು. ಕೇಳಲು ಅದು ತುಂಬಾ ನ್ಯಾಯವಾಗಿದೆ. ಬೇಡ ಅಂದರೆ ಬಿಡುತ್ತಾರಲ್ಲ, ಇನ್ನೇನು? ನನಗೂ ಹಾಗೇ ಅನ್ನಿಸಿತ್ತು, ಒಂದು ಚಿತ್ರವನ್ನು ಹಿಡಿದು ಹುಡುಕುವವರೆಗೆ.

ಆ ಚಿತ್ರದಲ್ಲಿ ಒಂದು ಹುಡುಗಿ ಆಮೆಯ ಬೆನ್ನಿಗೆ ಒರಗಿ ನಿದ್ದೆ ಹೋಗಿದ್ದಾಳೆ. ಬಣ್ಣದ ಪೆನ್ಸಿಲಿನಲ್ಲಿ ಬರೆದದ್ದು. ಹನ್ನೊಂದು ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ಆಮೆಯ ಚಿಪ್ಪಿಗೇ ಹೋಯಿತು. ಹಸಿರಿನ ಮೇಲೆ ಕಂದು, ಕಂದಿನ ಮೇಲೆ ಮತ್ತೆ ತೆಳು ಹಸಿರು. ಸಹಿಯನ್ನು ಬಲಗಡೆ ಕೆಳಗಿನ ಕಲ್ಲಿನ ಮೇಲೆ ಹಾಕಿದ್ದೆ. ಪ್ರಕಾಶಕರಿಗೆ ಒಂದು ಆವೃತ್ತಿಗೆ ಮಾತ್ರ ಹಕ್ಕು ಕೊಟ್ಟಿದ್ದೆ. ಆಮೇಲೆ ಅದೇ ಚಿತ್ರ ಒಂದು ಕ್ಯಾಲೆಂಡರಿಗೆ ಹೋಯಿತು, ಇನ್ನೊಂದು ಭಾಷೆಯ ಅನುವಾದಕ್ಕೂ ಹೋಯಿತು. ಈ ಎರಡರಿಂದ ಬಂದ ಹಣ ಮೊದಲ ಸಂಭಾವನೆಗಿಂತ ಹೆಚ್ಚು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಮಧ್ಯಾಹ್ನ ಕೂತು ಚಿತ್ರದಿಂದಲೇ ಹುಡುಕುವ ಸೌಲಭ್ಯ ಬಳಸಿ ಅದು ಎಲ್ಲೆಲ್ಲಿದೆ ಅಂತ ನೋಡಿದೆ. 17 ಕಡೆ ಸಿಕ್ಕಿತು. ನನ್ನ ಜಾಲತಾಣ ಒಂದು. ಪ್ರಕಾಶಕರ ಪಟ್ಟಿ ಒಂದು. ಪುಸ್ತಕ ಮಾರುವವರ ಪುಟ ಐದು. ವಿಮರ್ಶೆ ನಾಲ್ಕು. ಗ್ರಂಥಾಲಯ ಎರಡು. ಚಿತ್ರ ಹಂಚಿಕೊಳ್ಳುವ ತಾಣ ಮೂರು. ಹದಿನೇಳನೆಯದು ಫೋನ್ ಕವರ್ ಮಾರುವ ಒಂದು ಪುಟ. ಅಲ್ಲಿ ಸಹಿ ಇದ್ದ ಕಲ್ಲನ್ನೇ ಕತ್ತರಿಸಿ ಹಾಕಿದ್ದರು.

ಈಗ "ಬೇಡ" ಎಂದು ಯಂತ್ರಕ್ಕೆ ಹೇಳುವುದು ಹೇಗೆ? ಬಳಕೆಯಲ್ಲಿರುವ ಮುಖ್ಯ ಸಾಧನ ರೋಬೋಟ್ಸ್ ಡಾಟ್ ಟೆಕ್ಸ್ಟ್ ಅನ್ನುವ ಪುಟ್ಟ ಫೈಲು. 1994ರಿಂದ ಇರುವ ಪದ್ಧತಿ. ಹುಡುಕು ಯಂತ್ರಗಳಿಗೆ ಇಲ್ಲಿ ಬರಬೇಡಿ ಎಂದು ಹೇಳಲು ಹುಟ್ಟಿದ್ದು. ಅದು ಜಾಲತಾಣದ ಬಾಗಿಲಲ್ಲಿ ತೂಗುಹಾಕುವ ಹಲಗೆ ಇದ್ದಂತೆ. ಹಲಗೆ ಹಾಕುವ ಅಧಿಕಾರ ಆ ತಾಣದ ಮಾಲೀಕರಿಗೆ ಮಾತ್ರ. ನನ್ನ ಚಿತ್ರ ಇರುವ 17 ಕಡೆಗಳಲ್ಲಿ ನಾನು ಹಲಗೆ ಹಾಕಬಹುದಾದ್ದು ಒಂದೇ ಕಡೆ. ಉಳಿದ 16 ಬಾಗಿಲುಗಳು ಬೇರೆಯವರವು. ಅವರು ನನ್ನ ಪರವಾಗಿ ಬೇಡ ಅನ್ನುವುದಿಲ್ಲ. ಅನ್ನಬೇಕು ಅಂತ ಅವರಿಗೆ ಹೊಳೆಯುವುದೂ ಇಲ್ಲ.

ಚಿತ್ರದ ಒಳಗೇ ಹೆಸರು ಬರೆದಿಟ್ಟರೆ? ಅದನ್ನೂ ಮಾಡಿದ್ದೆ. ಚಿತ್ರದ ಫೈಲಿನಲ್ಲಿ ರಚಿಸಿದವರ ಹೆಸರು, ಹಕ್ಕಿನ ಸೂಚನೆ ತುಂಬುವ ಜಾಗಗಳಿವೆ. 17 ಕಡೆಯಿಂದಲೂ ಚಿತ್ರ ಇಳಿಸಿಕೊಂಡು ತೆರೆದು ನೋಡಿದೆ. ಹೆಸರು ಉಳಿದಿದ್ದು ಎರಡರಲ್ಲಿ. ಎಷ್ಟೋ ತಾಣಗಳು ಚಿತ್ರ ಏರಿಸುವಾಗಲೇ ಆ ವಿವರಗಳನ್ನು ತೆಗೆದುಬಿಡುತ್ತವೆ, ಫೈಲು ಹಗುರವಾಗಲಿ ಅಂತ.

ಇಡೀ ಉತ್ತರದಲ್ಲಿ ತೂಕ ಇದ್ದದ್ದು ಈ ಲೆಕ್ಕಕ್ಕೇ. ಹದಿನೇಳರಲ್ಲಿ ಒಂದು, ಹದಿನೇಳರಲ್ಲಿ ಎರಡು. ನೀವೂ ನಿಮ್ಮ ಒಂದು ಕೃತಿಗೆ ಇದನ್ನೇ ಮಾಡಿ. ಫೋಟೋ ಆದರೆ ಸುಲಭ. ಹಾಡಾದರೆ ಬೇರೆಯವರು ಏರಿಸಿದ ಪ್ರತಿಗಳನ್ನು ಎಣಿಸಿ. ಕವಿತೆಯಾದರೆ ಅದರ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ದಿನಾಂಕ ಬರೆದಿಡಿ, ಪರದೆಯ ಚಿತ್ರ ತೆಗೆದಿಡಿ. ಇದು ಯಾಕೆ ಮುಖ್ಯ ಅಂದರೆ ಚಿತ್ರ ಬರೆಯುವ ಯಂತ್ರಗಳಿಗೆ ಕಲಿಸಲು ಬಳಸುವ ಪಟ್ಟಿಗಳು ತಯಾರಾಗುವುದೇ ಹೀಗೆ ಹರಡಿಕೊಂಡ ಪ್ರತಿಗಳಿಂದ. 2022ರಲ್ಲಿ ಬಂದ ಲಯಾನ್-5ಬಿ ಅನ್ನುವ ಪಟ್ಟಿಯಲ್ಲಿ ಸುಮಾರು 585 ಕೋಟಿ ಚಿತ್ರಗಳ ಕೊಂಡಿಗಳೂ ಅವುಗಳ ಜೊತೆಗಿನ ಬರಹವೂ ಇದ್ದವು. ಆ ಕೊಂಡಿ ನನ್ನ ತಾಣದ್ದೋ ಫೋನ್ ಕವರ್ ಪುಟದ್ದೋ ಅನ್ನುವುದು ಯಂತ್ರಕ್ಕೆ ಬೇಕಿಲ್ಲ. ಒಮ್ಮೆ ಕಲಿತ ಮೇಲೆ ಒಂದು ಚಿತ್ರವನ್ನಷ್ಟೇ ಅದರಿಂದ ಬಿಡಿಸಿ ತೆಗೆಯುವುದು ತುಂಬಾ ಕಷ್ಟ.

ಎರಡು ಹಳೆಯ ವಿಧಿಗಳು

ಕಾನೂನು ಓದಿಲ್ಲ ಅಂತ ಹಿಂಜರಿಯಬೇಡಿ. ಕಾಪಿರೈಟ್ ಬಗ್ಗೆ ದೇಶಗಳು ಸೇರಿ ಮಾಡಿಕೊಂಡ ಬರ್ನ್ ಒಪ್ಪಂದದ ಎರಡು ವಿಧಿ ತಿಳಿದಿದ್ದರೆ ಈ ಉತ್ತರಕ್ಕೆ ಸಾಕು. 1886ರಲ್ಲಿ ಆದ ಈ ಒಪ್ಪಂದಕ್ಕೆ ಈಗ 180ಕ್ಕೂ ಹೆಚ್ಚು ದೇಶಗಳು ಸೇರಿವೆ.

ಅದರ 5(2)ನೇ ವಿಧಿ ಹೇಳುವುದು ಇಷ್ಟು: ಕೃತಿಯ ಮೇಲಿನ ಹಕ್ಕನ್ನು ಅನುಭವಿಸಲು ಯಾವ ವಿಧಿವಿಧಾನವೂ ಬೇಕಿಲ್ಲ. ಅರ್ಜಿ ಬೇಡ, ನೋಂದಣಿ ಬೇಡ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. 1908ರ ಬರ್ಲಿನ್ ಪರಿಷ್ಕರಣೆಯಲ್ಲಿ ಬಂದ ಮಾತು ಇದು. "ಬೇಡ ಎಂದು ನೀವೇ ಯಂತ್ರದ ಭಾಷೆಯಲ್ಲಿ ಬರೆದಿಡಿ, ಇಲ್ಲದಿದ್ದರೆ ಬಳಸುತ್ತೇವೆ" ಎನ್ನುವುದು ಆ ವಿಧಿವಿಧಾನವನ್ನೇ ಹಿಂಬಾಗಿಲಿಂದ ತಂದಂತೆ ಅಲ್ವಾ? ವಿರುದ್ಧವಾಗಿ ವಾದಿಸುವವರೂ ಇದ್ದಾರೆ. ಆದರೂ ಈ ಪ್ರಶ್ನೆಯನ್ನು ಕಾಗದದ ಮೇಲೆ ಇಡಲೇಬೇಕು. ಇಟ್ಟರೆ ಅವರು ಅದಕ್ಕೆ ಉತ್ತರ ಹುಡುಕಬೇಕಾಗುತ್ತದೆ.

9(2)ನೇ ವಿಧಿ, ನಕಲು ಮಾಡಲು ಕೊಡುವ ವಿನಾಯಿತಿಗೆ ಮೂರು ಕಡಿವಾಣ ಹಾಕುತ್ತದೆ. ವಿನಾಯಿತಿ ವಿಶೇಷ ಸಂದರ್ಭಕ್ಕೆ ಮಾತ್ರ ಇರಬೇಕು. ಕೃತಿಯಿಂದ ಸಹಜವಾಗಿ ದುಡಿಯುವ ದಾರಿಗೆ ಅಡ್ಡ ಬರಬಾರದು. ಕರ್ತೃವಿನ ನ್ಯಾಯವಾದ ಹಿತಕ್ಕೆ ಅತಿಯಾದ ಪೆಟ್ಟು ಕೊಡಬಾರದು. ಕ್ಯಾಲೆಂಡರು, ಅನುವಾದದ ಲೆಕ್ಕ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದು ಬೇಕಾಗುವುದು ಇಲ್ಲಿ. ಎರಡನೇ ಸಲ, ಮೂರನೇ ಸಲ ಲೈಸೆನ್ಸ್ ಕೊಟ್ಟು ಬರುವ ಹಣವೇ ನನ್ನ ಸಹಜ ದುಡಿಮೆ. ಕ್ಯಾಲೆಂಡರಿಗೆ ನನ್ನದೇ ಚಿತ್ರದಿಂದ ಕಲಿತ ಯಂತ್ರ ಇನ್ನೊಂದು ಆಮೆ ಬರೆದುಕೊಟ್ಟರೆ ಹೋಗುವುದು ಆ ದುಡಿಮೆಯೇ.

ಬರೆಯುವ ಬಗೆ

ಪ್ರತಿ ಉತ್ತರದ ಮೊದಲ ಸಾಲಿನಲ್ಲೇ ಒಪ್ಪುತ್ತೀರೋ ಇಲ್ಲವೋ ಹೇಳಿಬಿಡಿ. ಸಾವಿರಾರು ಉತ್ತರ ಓದುವವರು ಅದನ್ನೇ ಮೊದಲು ಹುಡುಕುತ್ತಾರೆ. ಆಮೇಲೆ ನಿಮ್ಮ ಕೃತಿಯ ಮಾತು. ಕೊನೆಗೆ ಏನು ಬೇಕು ಅನ್ನುವುದು. ನಾನು ಬರೆದ ಒಂದು ಉತ್ತರ ಹೀಗಿತ್ತು:

"ಈ ಪ್ರಸ್ತಾಪವನ್ನು ನಾನು ಒಪ್ಪುವುದಿಲ್ಲ. ನಾನು ಬರೆದ ಒಂದು ಚಿತ್ರ ಈಗ 17 ಜಾಲತಾಣಗಳಲ್ಲಿದೆ. ಅವುಗಳಲ್ಲಿ ನನ್ನ ಹಿಡಿತದಲ್ಲಿ ಇರುವುದು ಒಂದೇ. ಉಳಿದ 16 ಕಡೆ ನನ್ನ ನಿರಾಕರಣೆಯನ್ನು ಯಂತ್ರಕ್ಕೆ ತಿಳಿಸಲು ನನಗೆ ಯಾವ ದಾರಿಯೂ ಇಲ್ಲ. ಚಿತ್ರದೊಳಗೆ ನಾನು ಸೇರಿಸಿದ್ದ ಹೆಸರು 15 ಕಡೆ ಅಳಿಸಿಹೋಗಿದೆ. ಹಾಗಾಗಿ ನಿರಾಕರಿಸುವ ಹಕ್ಕು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಬಳಸುವ ಮೊದಲು ಅನುಮತಿ ಪಡೆಯುವ ಹೊಣೆ ಬಳಸುವವರ ಮೇಲಿರಬೇಕು. ಯಾವ ಕೃತಿಗಳನ್ನು ಬಳಸಿದ್ದಾರೆ ಎಂಬುದನ್ನು ಹೆಸರು ಹುಡುಕಿ ತಿಳಿಯುವಂಥ ಪಟ್ಟಿಯಲ್ಲಿ ಪ್ರಕಟಿಸತಕ್ಕದ್ದು ಎಂದು ಕಾನೂನಿನಲ್ಲಿ ಸೇರಿಸಬೇಕು."

ಪಟ್ಟಿಯ ಬೇಡಿಕೆಯನ್ನು ಮಾತ್ರ ಯಾರೂ ಬಿಡಬೇಡಿ. ನನ್ನ ಚಿತ್ರ ಬಳಸಿದ್ದಾರೋ ಇಲ್ಲವೋ ಗೊತ್ತಾಗದಿದ್ದರೆ ಲೈಸೆನ್ಸ್ ಕೇಳಲೂ ಆಗದು, ರಾಯಲ್ಟಿ ಕೇಳಲೂ ಆಗದು, ಕೋರ್ಟಿಗೂ ಹೋಗಲಾಗದು. ನಾಲ್ಕು ದಾರಿಗಳಲ್ಲಿ ಯಾವುದು ಬಂದರೂ ಇದು ಬೇಕು.

ಕೆಲವು ತಪ್ಪು ನಾನೂ ಮಾಡಿದ್ದೇನೆ, ಬೇರೆಯವರು ಮಾಡುವುದನ್ನೂ ನೋಡಿದ್ದೇನೆ. "ನನ್ನ ಶೈಲಿ ಕದ್ದರು" ಎಂದು ಬರೆಯಬೇಡಿ. ನೋವು ನನಗೆ ಅರ್ಥವಾಗುತ್ತದೆ. ಆದರೆ ಕಾಪಿರೈಟ್ ಶೈಲಿಯನ್ನು ಕಾಯುವುದಿಲ್ಲ, ಬರೆದು ಮುಗಿಸಿದ ಕೃತಿಯನ್ನು ಕಾಯುತ್ತದೆ. ಶೈಲಿಗೂ ಬೇಲಿ ಹಾಕಿದರೆ ಹಿರಿಯರನ್ನು ನೋಡಿ ಕಲಿಯುವ ನಮಗೇ ಉಸಿರು ಕಟ್ಟುತ್ತದೆ. ತರಬೇತಿಗಾಗಿ ಇಡೀ ಚಿತ್ರವನ್ನೇ ನಕಲು ಮಾಡಿಕೊಂಡರು ಅನ್ನಿ. ಹಕ್ಕಿನ ಮಾತು ನಿಲ್ಲುವುದು ಆ ನಕಲಿನ ಮೇಲೆ.

ಸಂಘದವರು ಕಳಿಸಿದ ಮಾದರಿ ಪತ್ರಕ್ಕೆ ಸುಮ್ನೆ ಹೆಸರು ಹಾಕಿ ಕಳಿಸಿದರೆ, ಒಂದೇ ಥರದ ಪತ್ರಗಳನ್ನು ಒಟ್ಟಿಗೆ ಕಟ್ಟಿ ಒಂದು ಅಭಿಪ್ರಾಯದಂತೆ ನೋಡುವುದುಂಟು. ಮಾದರಿಯಿಂದ ಕಲಮುಗಳ ಸಂಖ್ಯೆ ತೆಗೆದುಕೊಳ್ಳಿ, ಮಾತು ನಿಮ್ಮದಿರಲಿ. ಸಂಘದ ಉತ್ತರ ಬೇರೆ ಹೋಗಲಿ, ನಿಮ್ಮದು ಬೇರೆ ಹೋಗಲಿ.

ಉತ್ತರಗಳನ್ನು ಪ್ರಕಟಿಸುತ್ತಾರಾ ಎಂದು ಫಾರಂನಲ್ಲಿ ನೋಡಿಕೊಳ್ಳಿ. ಪ್ರಕಟಿಸುವುದಾದರೆ ಕರಾರಿನ ಮೊತ್ತ, ಗುಟ್ಟಾಗಿಡಬೇಕಾದ ಷರತ್ತು, ಮನೆಯ ವಿಳಾಸ ಬರೆಯಬೇಡಿ. "ಮೊದಲ ಸಂಭಾವನೆಗಿಂತ ಹೆಚ್ಚು" ಎಂದರೆ ಸಾಕು, ಅಂಕಿ ಬೇಡ. ಇನ್ನೂ ಹೊರಬರದ ಚಿತ್ರವನ್ನು ಉದಾಹರಣೆಯಾಗಿ ಲಗತ್ತಿಸಲೂ ಬೇಡಿ.

ಎಲ್ಲ ಪ್ರಶ್ನೆಗೂ ಉತ್ತರಿಸಲೇಬೇಕೆಂದಿಲ್ಲ. ತೆರಿಗೆ, ದತ್ತಾಂಶ ಕೇಂದ್ರ, ತಾಂತ್ರಿಕ ಮಾನದಂಡ ಅಂತ ಬಂದಾಗ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ. ನಾನು ಮೂರನೇ ಸಲ ಉತ್ತರಿಸಿದ್ದು ಆರು ಪ್ರಶ್ನೆಗೆ.

ಕಳಿಸಿದ ಮೇಲೆ

ಸ್ವೀಕೃತಿ ಸಂಖ್ಯೆ ಬಂದ ಮೇಲೆ ಮರೆತುಬಿಡಬೇಡಿ. ಅಭಿಪ್ರಾಯ ಕೇಳುವ ಹಂತ ಮುಗಿದರೂ ವಿಷಯ ಸದನದಲ್ಲಿ ತಿರುವು ಪಡೆಯಬಹುದು. ಬ್ರಿಟನ್ನಿನಲ್ಲಿ 2025ರಲ್ಲಿ ದತ್ತಾಂಶದ ಮಸೂದೆಯೊಂದು ಬಂದಾಗ, ಎಐ ಕಂಪನಿಗಳು ಬಳಸಿದ ಕೃತಿಗಳ ವಿವರ ಹೇಳಬೇಕು ಎನ್ನುವ ತಿದ್ದುಪಡಿಯನ್ನು ಮೇಲ್ಮನೆ ಮತ್ತೆ ಮತ್ತೆ ಸೇರಿಸಿತು. ಆ ಮನೆಯ ಸದಸ್ಯೆ, ಚಿತ್ರ ನಿರ್ದೇಶಕಿ ಬೀಬನ್ ಕಿಡ್ರನ್ ಅದರ ಮುಂದೆ ನಿಂತಿದ್ದರು. ಕೆಳಮನೆ ಪ್ರತಿಸಲ ತೆಗೆದುಹಾಕಿತು. ಜೂನ್‌ನಲ್ಲಿ ಆ ತಿದ್ದುಪಡಿ ಇಲ್ಲದೆಯೇ ಅದು ಕಾನೂನಾಯಿತು. ಆದರೆ ಸರ್ಕಾರ ಎಐ ಮತ್ತು ಕಾಪಿರೈಟ್ ಪ್ರಸ್ತಾಪಗಳ ಆರ್ಥಿಕ ಪರಿಣಾಮದ ವರದಿ ಕೊಡಬೇಕು ಎನ್ನುವ ಬಾಧ್ಯತೆ ಒಳಗೆ ಬಂತು. ಸೋತ ಚರ್ಚೆಯಿಂದಲೂ ಒಂದು "ತಕ್ಕದ್ದು" ಗಿಟ್ಟಿತು.

ಹಾಗಾಗಿ ನಿಮ್ಮ ಉತ್ತರದ ಪ್ರತಿಯನ್ನು ನಿಮ್ಮ ಜನಪ್ರತಿನಿಧಿಗೂ ಕಳಿಸಿ. ಮೇಲೆ ಎರಡು ಸಾಲು ಸಾಕು. ಪರದೆಯ ಚಿತ್ರಗಳು, ಎಣಿಕೆಯ ಪಟ್ಟಿ, ಕಳಿಸಿದ ಉತ್ತರ, ಸ್ವೀಕೃತಿ ಎಲ್ಲ ಒಂದೇ ಫೋಲ್ಡರಿನಲ್ಲಿರಲಿ. ಆರು ತಿಂಗಳಿಗೊಮ್ಮೆ ಅದೇ ಕೃತಿಯನ್ನು ಮತ್ತೆ ಹುಡುಕಿ ಎಣಿಕೆ ಸೇರಿಸಿ. ಕಳೆದ ಸಲ ಹುಡುಕಿದಾಗ ನನ್ನ ಆಮೆ 23 ಕಡೆ ಇತ್ತು. ಹಲಗೆ ಹಾಕಲು ನನಗೆ ಸಿಕ್ಕ ಬಾಗಿಲು ಈಗಲೂ ಒಂದೇ.